ಸಂದರ್ಶನದಲ್ಲಿ ರೈಸ್ ಮಿಲ್ ಪ್ರಾಜೆಕ್ಟ್ ಹೇಳಲಾ, 6ಜಿ ಸಿಮ್ಯುಲೇಷನ್ ಹೇಳಲಾ?

ಗಂಗಾವತಿ_ಇಸಿ:

ಎಲ್ಲರಿಗೂ ನಮಸ್ಕಾರ. ಊರು ಗಂಗಾವತಿ. ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್‌ನಲ್ಲಿ ಎಂ.ಟೆಕ್ ಮುಗಿಸಿ ಮೂರು ತಿಂಗಳಾಯಿತು. ಬೆಂಗಳೂರಿನ ಒಂದು ದೊಡ್ಡ ಕಂಪನಿಯ ವೈರ್‌ಲೆಸ್ ಸಂಶೋಧನಾ ವಿಭಾಗದಿಂದ ಸಂದರ್ಶನಕ್ಕೆ ಕರೆದಿದ್ದಾರೆ. ಇನ್ನು ಹನ್ನೊಂದು ದಿನ ಇದೆ. ಯಾವುದಾದರೂ ಒಂದು ಪ್ರಾಜೆಕ್ಟ್ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಬೇಕಂತೆ.

ನನ್ನ ಹತ್ತಿರ ಎರಡಿವೆ. ಒಂದು 6ಜಿ ಟೆರಾಹರ್ಟ್ಸ್ ಬೀಮ್‌ಫಾರ್ಮಿಂಗ್, ಅಂದರೆ ರೇಡಿಯೋ ಅಲೆಯನ್ನು ಬೇಕಾದ ದಿಕ್ಕಿಗೇ ಒಟ್ಟುಗೂಡಿಸಿ ಕಳಿಸೋದು. ಮ್ಯಾಟ್‌ಲ್ಯಾಬ್ ಅನ್ನೋ ಸಾಫ್ಟ್‌ವೇರಿನಲ್ಲಿ ಮಾಡಿದ್ದು. ಗ್ರಾಫ್‌ಗಳು ನೋಡೋಕೆ ಚೆನ್ನಾಗಿವೆ. ನಿಜ ಹೇಳಬೇಕಂದರೆ ಅರ್ಧ ಕೋಡ್ ಸೀನಿಯರ್ ಕೊಟ್ಟಿದ್ದು.

ಇನ್ನೊಂದು ಅಪ್ಪ ಗುಮಾಸ್ತರಾಗಿರುವ ರೈಸ್ ಮಿಲ್ಲಿನದು. ಗೋದಾಮಿನಲ್ಲಿ ಬಿಸಿ ಮತ್ತು ತೇವ ಅಳೆಯೋ ಆರು ಲೋರಾ (ಕಮ್ಮಿ ಪವರಿನಲ್ಲಿ ದೂರಕ್ಕೆ ಡೇಟಾ ಕಳಿಸೋ ರೇಡಿಯೋ) ಸೆನ್ಸರ್ ಇಟ್ಟಿದ್ದೆ. 866 ಮೆಗಾಹರ್ಟ್ಸ್, ಪವರ್ 14 ಡಿಬಿಎಂ, ಸಿಗ್ನಲ್ ಹಿಡಿಯೋ ಗೇಟ್‌ವೇ 120 ಮೀಟರ್ ದೂರದ ಆಫೀಸಿನಲ್ಲಿ. ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಸಿಗ್ನಲ್ ಸುಮಾರು -88 ಡಿಬಿಎಂ ಇತ್ತು (ಸೊನ್ನೆಯಿಂದ ಕೆಳಗೆ ಹೋದಷ್ಟೂ ಸಿಗ್ನಲ್ ವೀಕು). ನವೆಂಬರ್ ಕೊನೆಗೆ -104ಕ್ಕೆ ಬಿತ್ತು. ಮಾಡ್ಯೂಲ್ ಬದಲಿಸಿದೆ, ಬ್ಯಾಟರಿ ಬದಲಿಸಿದೆ, ಏನೂ ಆಗಲಿಲ್ಲ. ಫೆಬ್ರವರಿಯಲ್ಲಿ ತಾನೇ ಸರಿಹೋಯಿತು! ಗೈಡ್ ಹತ್ತಿರ ಕೇಳಿದರೆ "ಆ ಎರಡು ತಿಂಗಳ ಡೇಟಾ ಬಿಟ್ಟುಬಿಡು, ವರದಿ ಕೆಡುತ್ತೆ" ಅಂದರು. ಬಿಟ್ಟೆ.

ಅಷ್ಟು ದೊಡ್ಡ ಕಂಪನಿಯಲ್ಲಿ ಕೂತು ಭತ್ತದ ಗೋದಾಮಿನ ಕತೆ ಹೇಳೋಕೆ ನಾಚಿಕೆ ಆಗ್ತಿದೆ. ಯಾವುದು ಹೇಳಲಿ?

---

ಬಳ್ಳಾರಿ_ಮೇಷ್ಟ್ರು:

6ಜಿ ಹೇಳಿ. ನಾನು ಪಾಠ ಮಾಡೋನು, ಹುಡುಗರನ್ನು ಸಂದರ್ಶನಕ್ಕೆ ಕಳಿಸಿ ಕಳಿಸಿ ಸಾಕಾಗಿದೆ. ರೆಸ್ಯೂಮೆಯಲ್ಲಿ ಈಗಿನ ಪದಗಳು ಇಲ್ಲದಿದ್ದರೆ ಮೊದಲ ಜರಡಿಯಲ್ಲೇ ಉದುರಿ ಹೋಗ್ತಾರೆ. ಲೋರಾ ಸೆನ್ಸರ್ ಈಗ ಡಿಪ್ಲೊಮಾ ಹುಡುಗರೂ ಮಾಡ್ತಾರೆ. ಸೀನಿಯರ್ ಕೊಟ್ಟ ಅರ್ಧ ಕೋಡನ್ನು ಈ ಹನ್ನೊಂದು ದಿನದಲ್ಲಿ ಕೂತು ನೀವೇ ಮತ್ತೆ ಬರೆಯಿರಿ. ಆಗ ಅದು ನಿಮ್ಮದೇ ಆಯಿತಲ್ಲ.

ಇನ್ನೊಂದು ಮಾತು. ಮಿಲ್ಲಿನ ವಿಷಯದಲ್ಲಿ ಏನಾದರೂ ಹೊಸದಿದ್ದರೆ ಹೀಗೆ ಎಲ್ಲರೆದುರು ಬರೆಯಬಾರದಿತ್ತು. ಮೊದಲು ಪೇಟೆಂಟ್ ಅರ್ಜಿ, ಆಮೇಲೆ ಬಾಯಿ ಬಿಡೋದು.

---

ರಾಯಚೂರು_ಬಿಸಿಲು:

ತಮ್ಮಾ, ಗೈಡ್ ಬಿಟ್ಟುಬಿಡು ಅಂದ ಆ ಎರಡು ತಿಂಗಳೇ ನಿನ್ನ ಪ್ರಾಜೆಕ್ಟು. ಉಳಿದದ್ದು ಬರೀ ವೈರಿಂಗ್.

ನಾನು ಬೆಂಗಳೂರಿನಲ್ಲಿ ಇಂಥದ್ದೇ ಒಂದು ವಿಭಾಗದಲ್ಲಿ ಹನ್ನೆರಡು ವರ್ಷ ಇದ್ದೆ. ಸಂದರ್ಶನದ ಮೇಜಿನ ಆ ಕಡೆ ಎಷ್ಟೋ ಸಲ ಕೂತಿದ್ದೇನೆ. ಈಗ ರಾಯಚೂರಿನಲ್ಲಿ ಅಮ್ಮನ ಜೊತೆ ಇದ್ದುಕೊಂಡು ಮನೆಯಿಂದಲೇ ಕೆಲಸ.

ಮೊದಲು ಒಂದು ಹಾಳೆ ತಗೊಂಡು ಲಿಂಕ್ ಬಜೆಟ್ ಹಾಕು, ಅಂದರೆ ಕಳಿಸಿದ ಪವರ್‌ನಲ್ಲಿ ದಾರಿಯಲ್ಲಿ ಎಷ್ಟು ಹೋಯಿತು, ಎಷ್ಟು ತಲುಪಿತು ಅನ್ನೋ ಲೆಕ್ಕ. 866 ಮೆಗಾಹರ್ಟ್ಸ್, 120 ಮೀಟರ್, ನಡುವೆ ಏನೂ ಇಲ್ಲ ಅಂದರೆ ಸುಮಾರು 73 ಡೆಸಿಬೆಲ್ ನಷ್ಟ. 14ರಲ್ಲಿ 73 ಕಳೆದರೆ -59. ಆ್ಯಂಟೆನಾ ಗೇನ್ ಸದ್ಯಕ್ಕೆ ಬಿಡು. ನಿನಗೆ ಬಂದದ್ದು -88. ಅಂದರೆ 29 ಡೆಸಿಬೆಲ್ ಗೋಡೆ, ತಗಡು, ಮಷಿನ್ನು, ಚೀಲ ತಿಂದವು. ಇದು ಸರಿಯಾಗೇ ಇದೆ. ನವೆಂಬರ್‌ನಲ್ಲಿ ಅದರ ಮೇಲೆ ಇನ್ನೂ 16 ಹೋಯಿತು. 16 ಡೆಸಿಬೆಲ್ ಅಂದರೆ ಪವರ್ 40ರಲ್ಲಿ ಒಂದು ಪಾಲಿಗೆ ಇಳಿಯಿತು ಅಂತ. ಮಾಡ್ಯೂಲು ಕಾರ್ತಿಕದಲ್ಲಿ ಕೆಟ್ಟು ಮಾಘದಲ್ಲಿ ತಾನಾಗೇ ವಾಸಿ ಆಗಲ್ಲ, ಅಲ್ವಾ?

ಆ ಹೊತ್ತಿಗೆ ಗೋದಾಮಿಗೆ ಏನು ಬರುತ್ತೆ ಅಂತ ನಿನಗೆ ನಾನು ಹೇಳಬೇಕಾ? ಹೊಸ ಭತ್ತ. ಕೊಯ್ದ ಭತ್ತದಲ್ಲಿ ನೂರಕ್ಕೆ 20ರ ಮೇಲೂ ತೇವ ಇರುತ್ತೆ. ಇಡೋಕೆ 14ರ ಒಳಗೆ ಬರಬೇಕು. ನೀರು ರೇಡಿಯೋ ಅಲೆಯನ್ನು ಒಣ ಕಾಳಿಗಿಂತ ಜಾಸ್ತಿ ಹೀರುತ್ತೆ. ನಿಮ್ಮಪ್ಪ ಲಾರಿ ಬಂದಾಗ ಒಂದು ಹಿಡಿ ಭತ್ತ ಹಾಕಿ ನೋಡೋ ಮಾಯಿಶ್ಚರ್ ಮೀಟರ್ ಇದೆಯಲ್ಲ, ಅದೂ ಕಾಳಿನ ಇದೇ ಎಲೆಕ್ಟ್ರಿಕಲ್ ಗುಣದ ಮೇಲೆ ನಡೆಯುತ್ತೆ. ಮೇಷ್ಟ್ರೇ, ಅದಕ್ಕೇ ಪೇಟೆಂಟ್ ಚಿಂತೆ ಬೇಡ. ರೇಡಿಯೋದಿಂದ ಕಾಳಿನ ತೇವ ಅಳೆಯೋದು ಹಳೇ ವಿದ್ಯೆ.

ಆದರೆ ತಮ್ಮಾ, "ತೇವದಿಂದಲೇ ಬಿತ್ತು" ಅಂತ ಅಲ್ಲಿ ಹೋಗಿ ಹೇಳಬೇಡ. ಹೊಸ ಭತ್ತ ಬಂದಾಗ ಚೀಲಗಳ ಲೆಕ್ಕವೂ ಏರುತ್ತೆ. ಚೀಲ ಹಸಿಯಾಗಿದ್ದಕ್ಕೋ, ಚೀಲ ಜಾಸ್ತಿ ಆಗಿದ್ದಕ್ಕೋ? ನಾನು ಆ ಮೇಜಿನಲ್ಲಿ ಕೂತಿದ್ದರೆ ಎರಡನೇ ನಿಮಿಷಕ್ಕೆ ಇದನ್ನೇ ಕೇಳ್ತಿದ್ದೆ. ಈಗ ಸುಗ್ಗಿ ಶುರುವಾಗಿದೆ, ಗೋದಾಮಿನಲ್ಲಿ ಹಳೇ ಭತ್ತವೂ ಇದೆ, ಹೊಸದೂ ಬರ್ತಿದೆ. ಎರಡು ಸ್ಟೂಲು ನಾಲ್ಕು ಮೀಟರ್ ದೂರ ಇಡು, ಒಂದರ ಮೇಲೆ ಸೆನ್ಸರ್, ಇನ್ನೊಂದರ ಮೇಲೆ ಗೇಟ್‌ವೇ. ನಡುವೆ ಒಣ ಚೀಲ ನಾಲ್ಕು ಸಾಲು ಪೇರಿಸಿ ಅಳೆ. ಆಮೇಲೆ ಅದೇ ಜಾಗದಲ್ಲಿ ಅಷ್ಟೇ ಹಸಿ ಚೀಲ. ಆಮೇಲೆ ಮತ್ತೆ ಒಣ ಚೀಲ ಇಟ್ಟು ಇನ್ನೊಮ್ಮೆ. ಆ ಮೂರನೇ ಅಳತೆ ಮರೀಬೇಡ. ಅಲೆ ಚೀಲದ ತಲೆ ಮೇಲಿಂದ ಹಾರಿ ಬರದ ಹಾಗೆ ಎತ್ತರಕ್ಕೇ ಪೇರಿಸು.

6ಜಿ ವಿಷಯ. 2023ರಲ್ಲಿ ಐಟಿಯು (ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ) 6ಜಿಗೆ ಹಾಕಿದ ಚೌಕಟ್ಟಿನಲ್ಲಿ ಆರು ಬಗೆಯ ಬಳಕೆ ಹೆಸರಿಸಿದ್ದಾರೆ. ಅದರಲ್ಲಿ ಒಂದು, ಮಾತು ಸಾಗಿಸೋ ಸಿಗ್ನಲ್ಲೇ ಸುತ್ತಲಿನ ವಸ್ತುಗಳನ್ನೂ ತಿಳಿದುಕೊಳ್ಳೋದು. ಡೇಟಾ ಕಳಿಸೋಕೆ ಇಟ್ಟ ನಿನ್ನ ಲಿಂಕು ಭತ್ತದ ಹಸಿ ಹೇಳ್ತಿರಬಹುದು. ನೀನು ನಾಚಿಕೆ ಪಡ್ತಿರೋ ಪ್ರಾಜೆಕ್ಟೇ ಆ ಮ್ಯಾಟ್‌ಲ್ಯಾಬಿಗಿಂತ 6ಜಿಗೆ ಹತ್ತಿರ ಇದೆ. ಮೇಷ್ಟ್ರ ಜರಡಿಗೆ ಬೇಕಾದ ಪದವೂ ಸಿಕ್ಕಿತು.

ಕಂಪನಿ ಸಂಶೋಧನೆ ಅಂದರೆ ಏನು ಅಂತ ಒಂದು ಹಳೇ ಕತೆ ಹೇಳ್ತೀನಿ. ಅಮೆರಿಕದ ಬೆಲ್ ಲ್ಯಾಬ್ಸ್, 1930ರ ಸುಮಾರು. ಅಟ್ಲಾಂಟಿಕ್ ದಾಟಿಸೋ ರೇಡಿಯೋ ಟೆಲಿಫೋನಿನಲ್ಲಿ ಕರಕರ ಶಬ್ದ ಎಲ್ಲಿಂದ ಬರುತ್ತೆ ನೋಡು ಅಂತ ಕಾರ್ಲ್ ಜಾನ್ಸ್ಕಿಗೆ ಕೆಲಸ ಕೊಟ್ಟರು. ಶುದ್ಧ ವ್ಯಾಪಾರದ ಪ್ರಶ್ನೆ. ಅವರು ಫೋರ್ಡ್ ಕಾರಿನ ಚಕ್ರದ ಮೇಲೆ ನಿಧಾನಕ್ಕೆ ತಿರುಗೋ ಆ್ಯಂಟೆನಾ ಕಟ್ಟಿ 20.5 ಮೆಗಾಹರ್ಟ್ಸ್‌ನಲ್ಲಿ ಕೇಳ್ತಾ ಕೂತರು. ಸಿಡಿಲಿನದು ಗೊತ್ತಾಯಿತು. ಉಳಿದ ಒಂದು ಸಣ್ಣ ಸದ್ದು ಮಾತ್ರ ದಿನಾ ನಾಲ್ಕು ನಿಮಿಷ ಬೇಗ ಬರ್ತಿತ್ತು. 23 ಗಂಟೆ 56 ನಿಮಿಷ ಸೂರ್ಯನ ದಿನ ಅಲ್ಲ, ನಕ್ಷತ್ರಗಳ ದಿನ. ಸದ್ದು ಬರ್ತಿದ್ದದ್ದು ಆಕಾಶಗಂಗೆಯಿಂದ! 1933ರಲ್ಲಿ ಪ್ರಕಟಿಸಿದರು. ರೇಡಿಯೋ ಖಗೋಳ ವಿಜ್ಞಾನ ಹುಟ್ಟಿದ್ದು ಅಲ್ಲಿಂದ. ಕಂಪನಿ ಏನು ಮಾಡಿತು? ಅವರನ್ನು ಬೇರೆ ಕೆಲಸಕ್ಕೆ ಹಾಕಿತು. ಫೋನಿಗೆ ಬೇಕಾದ ಉತ್ತರ ಸಿಕ್ಕಿತ್ತಲ್ಲ.

ಇಲ್ಲಿಯೂ ಹಾಗೇ. ನನ್ನದೇ ಒಂದು ಕೆಲಸ ಹದಿನಾಲ್ಕು ತಿಂಗಳು ನಡೆದು ಒಂದು ಸೋಮವಾರ ಬೆಳಿಗ್ಗೆ ನಿಂತುಹೋಯಿತು. ಕಾರಣ ತಾಂತ್ರಿಕ ಅಲ್ಲವೇ ಅಲ್ಲ. ಬೇಜಾರಾಗುತ್ತೆ. ಅರ್ಧ ವರ್ಷ ಬರೀ 3ಜಿಪಿಪಿ (ಮೊಬೈಲ್ ಜಾಲದ ಸ್ಟ್ಯಾಂಡರ್ಡ್ ಬರೆಯೋ ಒಕ್ಕೂಟ) ಸಭೆಗೆ ಪ್ರಸ್ತಾವ ಬರೆಯೋದರಲ್ಲೇ ಹೋಗುತ್ತೆ. ಹತ್ತಾರು ಕಂಪನಿಯವರು ಒಂದು ಟೇಬಲ್ಲಿನ ಒಂದು ಸಾಲಿಗೆ ರಾತ್ರಿ ತನಕ ಜಗಳ ಆಡ್ತಾರೆ. ಆ ಸಾಲು ಸ್ಟ್ಯಾಂಡರ್ಡ್ ಒಳಗೆ ಸೇರಿದರೆ ಅದರ ಪೇಟೆಂಟಿಗೆ ಬೆಲೆ. ಸಂಬಳ ಬರೋದು ಅದಕ್ಕೆ.

ಅಲ್ಲಿ ಬೇಕಾಗಿರೋದು ತನ್ನ ಅಂಕಿಯನ್ನು ತಾನೇ ನಂಬದ ಮನುಷ್ಯ. ನಾನು ಸೇರಿದ ಮೊದಲ ವರ್ಷ ಒಂದು ಆ್ಯಂಟೆನಾದಲ್ಲಿ 3 ಡೆಸಿಬೆಲ್ ಕಮ್ಮಿ ಬರ್ತಿತ್ತು. ಮೂರು ವಾರ ಕೂತು ಅದಕ್ಕೊಂದು ಥಿಯರಿ ಕಟ್ಟಿದೆ, ಹದಿನೆಂಟು ಸ್ಲೈಡ್. ತೋರಿಸೋ ದಿನ ನಮ್ಮ ಮೇಡಂ ಸ್ಲೈಡ್ ನೋಡಲೇ ಇಲ್ಲ. ಎದ್ದು ಬಂದು ಕೇಬಲ್ಲನ್ನು ಬೆರಳಲ್ಲಿ ಮೆಲ್ಲಗೆ ಅಲ್ಲಾಡಿಸಿದರು. ಪರದೆ ಮೇಲಿನ ಗೆರೆ ಎಗರಿ ಕೂತಿತು. ಕನೆಕ್ಟರನ್ನು ಟಾರ್ಕ್ ಸ್ಪ್ಯಾನರಿನಲ್ಲಿ ಟಿಕ್ ಅನ್ನೋ ತನಕ ಬಿಗಿಯಬೇಕಿತ್ತು. ನಾನು ಕೈಯಲ್ಲೇ ತಿರುವಿ ಬಿಟ್ಟಿದ್ದೆ. ಮೇಡಂ ಏನೂ ಬೈಯಲಿಲ್ಲ, ಸ್ಪ್ಯಾನರ್ ತಂದು ನನ್ನ ಲ್ಯಾಪ್‌ಟಾಪ್ ಮೇಲೆ ಇಟ್ಟು ಹೋದರು.

---

ಸಿಂಧನೂರು_ಮಿಲ್:

ನಾನು ಓದಿದ್ದು ಐಟಿಐ. ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್. ನಮ್ಮ ಗೋದಾಮು ತುಂಬಿದರೆ ಒಳಗೆ ನಿಂತವರಿಗೆ ಫೋನೇ ಹತ್ತಲ್ಲ. ಹೊರಗೆ ಬಂದು ಕೂಗಿ ಕರೀಬೇಕು. ಇದಕ್ಕೂ ಕೋರ್ಸ್ ಇದೆ ಅಂತ ಈಗ ಗೊತ್ತಾಯಿತು.

ಒಂದು ಮಾತು, ಹಮಾಲರಿಗೆ ಚಹಾ ಗಿಹಾ ಕೊಡಿಸಿ ಕೆಲಸ ಹೇಳ್ರಿ. ಮೂರು ಸಲ ಅದೇ ಚೀಲ ಪೇರಿಸಿ ಇಳಿಸು ಅಂದರೆ ತಲೆ ಕೆಟ್ಟಿದೆ ಅಂತಾರೆ. ಮಿಲ್ ಓಡುವಾಗ ಅಳೀಬೇಡ್ರಿ. ಮಷಿನ್ ನಿಂತಾಗ ಅಳೀರಿ.

---

ಗಂಗಾವತಿ_ಇಸಿ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಭಾನುವಾರ ಮಿಲ್ ರಜೆ, ಮಾಡಿಯೇ ಬಿಟ್ಟೆ. ಸಿಂಧನೂರಿನ ಅಣ್ಣ ಹೇಳಿದ ಹಾಗೇ ಆಯಿತು. ಎರಡನೇ ಸಲ ಚೀಲ ಬದಲಿಸಿ ಅಂದಾಗ ಹಮಾಲರು ಅಪ್ಪನ ಮುಖ ನೋಡಿದರು. ಅಪ್ಪ "ಮಗ ಓದಿದಾನೆ, ಏನೋ ಮಾಡ್ತಾನೆ ಬಿಡ್ರೋ" ಅಂದರು. ಚಹಾ, ಮಿರ್ಚಿ ಭಜಿ ಎಲ್ಲ ಸೇರಿ 460 ರೂಪಾಯಿ.

ಖಾಲಿ ಜಾಗದಲ್ಲಿ -30. ಒಣ ಚೀಲ, ಮೀಟರಿನಲ್ಲಿ ತೇವ 13: ಸಿಗ್ನಲ್ -36. ಹಸಿ ಚೀಲ, ತೇವ 19: -45. ಚೀಲದ ಲೆಕ್ಕ ಎರಡಕ್ಕೂ ಒಂದೇ. ಅಂದರೆ 9 ಡೆಸಿಬೆಲ್ ವ್ಯತ್ಯಾಸ ಲೆಕ್ಕದ್ದಲ್ಲ! ಮಿಲ್ ಪ್ರಾಜೆಕ್ಟೇ ಹೇಳ್ತೀನಿ ಸರ್.

ಆದರೆ ಮೂರನೇ ಸಲ ಮತ್ತೆ ಅದೇ ಒಣ ಚೀಲ ಇಟ್ಟಾಗ -36 ಬರಲಿಲ್ಲ, -38 ಬಂತು. ಇದನ್ನು ಸ್ಲೈಡಿನಲ್ಲಿ ಹಾಕಲಾ, ಬಿಡಲಾ?

---

ಬಳ್ಳಾರಿ_ಮೇಷ್ಟ್ರು:

ಸೋತೆ. ಮುಂದಿನ ಬ್ಯಾಚಿನವರನ್ನು ಎಪಿಎಂಸಿಗೆ ಕರ್ಕೊಂಡು ಹೋಗ್ತೀನಿ. ಆದರೂ ರೆಸ್ಯೂಮೆಯಲ್ಲಿ ಆ 6ಜಿ ಪದ ಹಾಕೋದು ಮರೀಬೇಡಿ.

---

ರಾಯಚೂರು_ಬಿಸಿಲು:

ಹಾಕು. ಮೊದಲನೇ ಸ್ಲೈಡಿನಲ್ಲೇ ಹಾಕು. 9ರಲ್ಲಿ 2 ನಿನಗೇ ಗೊತ್ತಿಲ್ಲದ್ದು ಅಂತ ನೀನೇ ಹೇಳಿದರೆ ಉಳಿದ 7ನ್ನು ಅವರು ನಂಬ್ತಾರೆ.

ಅಂದಹಾಗೆ, ಆ್ಯಂಟೆನಾ ಕನೆಕ್ಟರ್ ಬಿಗಿ ಮಾಡಿದ್ದೆಯಾ?

---

ಗಂಗಾವತಿ_ಇಸಿ:

ಇಲ್ಲ ಸರ್. ಕೈಯಲ್ಲೇ ತಿರುವಿದ್ದೆ. ಸ್ಪ್ಯಾನರ್ ತಗೊಂಡು ಮಿಲ್ಲಿಗೆ ಹೊರಟಿದ್ದೀನಿ.