ಸಹಾಯ ಬೇಕು: ಶ್ಯಾಡೋಬ್ಯಾನ್‌ಗೆ (ಖಾತೆ ತೆಗೀದೆ, ಹೇಳದೇ ಪೋಸ್ಟ್ ಮರೆಮಾಡೋದು) ಜಿಎಸಿಗೆ (ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿ) ಮೇಲ್ಮನವಿ ಹಾಕಬಹುದಾ?

ನಮ್ಮ ಅಂಗಡಿಯ ಸೋಶಿಯಲ್ ಮೀಡಿಯಾ ಪೇಜು ಬ್ಯಾನ್ ಆಗಿಲ್ಲ, ಅಕೌಂಟ್ ಸ್ಟೇಟಸ್‌ನಲ್ಲಿ ಎಲ್ಲಾ ಹಸಿರು ಟಿಕ್ಕೇ. ಆದ್ರೆ ಫಾಲೋ ಮಾಡದವರ ಫೋನಿನಿಂದ ಹ್ಯಾಶ್‌ಟ್ಯಾಗ್ ಹುಡುಕಿದ್ರೆ ಒಂದು ಪೋಸ್ಟೂ ಕಾಣಲ್ಲ. ಇನ್‌ಸೈಟ್ಸ್‌ನಲ್ಲಿ ಹೊರಗಿನವರ ವ್ಯೂಸ್ ಬಹುತೇಕ ಸೊನ್ನೆ. ಇವೇ ಕಾರಣ ಇರಬಹುದು ಅಂತ ಆಟೋ-ಲೈಕ್ ಆಪ್ ಕಿತ್ತು (ಬರೀ ಅಳಿಸಿದ್ರೆ ಸಾಲದು, ಸೆಟ್ಟಿಂಗ್ಸ್‌ನಲ್ಲಿ ಅದರ ಪರ್ಮಿಷನ್ನೂ ತೆಗೀಬೇಕು, ಅದೂ ಆಯ್ತು), ಪಾಸ್‌ವರ್ಡ್ ಬದಲಾಯಿಸಿ, ಬೇರೆ ಆಪ್‌ನ ವಾಟರ್‌ಮಾರ್ಕ್ ಇದ್ದ ವಿಡಿಯೋ ಎಲ್ಲಾ ಅಳಿಸಿದ್ದಾಯ್ತು. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕೊಟ್ಟ ದೂರಿಗೆ 24 ಗಂಟೆಯೊಳಗೆ ಸ್ವೀಕೃತಿ ಬಂತು, ಆಮೇಲೆ "ನಿಮ್ಮ ಖಾತೆ ಸಕ್ರಿಯವಾಗಿದೆ" ಅನ್ನೋ ಆಟೋ ಉತ್ತರ. ಅಷ್ಟೇ.

ಐಟಿ ನಿಯಮದ ಪ್ರಕಾರ ಅಧಿಕಾರಿಯ ಉತ್ತರ ತಲುಪಿದ 30 ದಿನದೊಳಗೆ ಜಿಎಸಿಗೆ ಮೇಲ್ಮನವಿ ಹಾಕಬೇಕು. ಖಾತೆ ತೆಗೆದಿದ್ರೆ ತೋರಿಸೋಕೆ ಆದೇಶ ಇರುತ್ತೆ; ಇಲ್ಲಿ ಅದೇ ಇಲ್ಲ. ಈ ಆಟೋ ಉತ್ತರವನ್ನೇ ನಿರ್ಧಾರ ಅಂತ ಲಗತ್ತಿಸಿದ್ರೆ ಜಿಎಸಿ ತಗೊಳ್ಳುತ್ತಾ? ಹಾಕಿದವರು ಯಾರಾದ್ರೂ ಇದ್ರೆ ಹೇಳಿ.