ಬೀರು ತಳ್ಳಬೇಕಾ, ಎಳೆಯಬೇಕಾ?

ಬಾಡಿಗೆಮನೆ:
ಮುಂದಿನ ವಾರ ಮನೆ ಬದಲಾಯಿಸುತ್ತಿದ್ದೇವೆ. ಅಮ್ಮನ ಕಾಲದ ಕಬ್ಬಿಣದ ಬೀರು, ಖಾಲಿ ಮಾಡಿದರೂ ಸುಮಾರು 80 ಕೆಜಿ. ಮೊಸಾಯಿಕ್ ನೆಲ. ಮೊದಲು ಜಪ್ಪಯ್ಯ ಅಂದರೂ ಅಲ್ಲಾಡಲ್ಲ, ಒಮ್ಮೆ ಜರುಗಿದರೆ ಆಮೇಲೆ ಅಷ್ಟು ಕಷ್ಟವಿಲ್ಲ. ಯಾಕೆ ಹೀಗೆ? ತಳ್ಳುವುದು ಸುಲಭವೋ, ಎಳೆಯುವುದೋ? ನಾನು, ತಂಗಿ ಇಬ್ಬರೇ ಇರೋದು.

ಹೈಸ್ಕೂಲ್ ಮೇಷ್ಟ್ರು:
ನಿಂತ ವಸ್ತುವನ್ನು ತಡೆಯುವ ಘರ್ಷಣೆ, ಜಾರುವಾಗಿನ ಘರ್ಷಣೆಗಿಂತ ಸಾಮಾನ್ಯವಾಗಿ ಜಾಸ್ತಿ. ತರಗತಿಯಲ್ಲಿ ಇಟ್ಟಿಗೆಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಮಕ್ಕಳಿಂದ ಎಳೆಸುತ್ತೇನೆ. ಮುಳ್ಳು ಏರುತ್ತಾ ಹೋಗಿ, ಇಟ್ಟಿಗೆ ಜರುಗಿದ ಕೂಡಲೇ ಇಳಿಯುತ್ತದೆ. ಹಾಗಾಗಿ ಹೊರಟ ಮೇಲೆ ನಡುವೆ ನಿಲ್ಲಿಸಬೇಡಿ.

ಇನ್ನು ತಳ್ಳುವ ಮಾತು. ಯಾವ ಓರೆಯಲ್ಲಿ ತಳ್ಳುತ್ತೀರಿ ಅನ್ನುವುದೇ ಮುಖ್ಯ. ಘರ್ಷಣೆ ಭಾರದ 0.4ರಷ್ಟು ಅಂತ ಇಟ್ಟುಕೊಳ್ಳಿ. ನೆಲಕ್ಕೆ ಸಮನಾಗಿ ತಳ್ಳಿದರೆ 32 ಕೆಜಿ ಭಾರದಷ್ಟು ಬಲ ಬೇಕು. 30 ಡಿಗ್ರಿ ಕೆಳಮುಖವಾಗಿ ತಳ್ಳಿದರೆ 48 ಬೇಕು. ನೀವೇ ಬೀರುವನ್ನು ನೆಲಕ್ಕೆ ಒತ್ತಿದಂತಾಯಿತು, ಅಲ್ವಾ? ಬುಡಕ್ಕೆ ಹಗ್ಗ ಕಟ್ಟಿ ಅಷ್ಟೇ ಓರೆಯಲ್ಲಿ ಮೇಲ್ಮುಖವಾಗಿ ಎಳೆದರೆ 30 ಸಾಕು.

ನನಗೆ ಇದಕ್ಕಿಂತ ಹೆಚ್ಚಿನ ಭಯ ಬೀರು ಮಗುಚುವುದು. ಒಂದೂವರೆ ಅಡಿ ಆಳದ ಬೀರುವನ್ನು ಮುಂದಿನಿಂದ, ಸುಮಾರು 22 ಇಂಚಿಗಿಂತ ಮೇಲೆ ಕೈಯಿಟ್ಟು ತಳ್ಳಿದರೆ ಜರುಗುವ ಮೊದಲೇ ವಾಲುತ್ತದೆ. ಪಕ್ಕದಿಂದ ತಳ್ಳಿ. ಅಗಲ ಮೂರಡಿ ಇದ್ದರೆ 45 ಇಂಚಿನವರೆಗೆ ತಡೆಯುತ್ತದೆ. ಆದರೂ ಕೈ ಸೊಂಟಕ್ಕಿಂತ ಕೆಳಗೇ ಇರಲಿ.

ತೀರ್ಥಹಳ್ಳಿಯವಳು:
ನಾವು ಕಾಲುಗಳ ಕೆಳಗೆ ಹಳೇ ಕಂಬಳಿ ಮಡಚಿ ಹಾಕ್ತೇವೆ. ನೆಲಕ್ಕೂ ಗೀರು ಬೀಳಲ್ಲ. ಆದರೆ ಮೇಷ್ಟ್ರೇ, ನೆಲಕ್ಕೆ ತಾಗುವ ಜಾಗ ಜಾಸ್ತಿಯಾದರೆ ಘರ್ಷಣೆಯೂ ಜಾಸ್ತಿ ಆಗಬೇಕಲ್ವಾ? ಸೋಪಿನ ನೀರು ಹಾಕಿದರೆ ಹೇಗೆ?

ಹೈಸ್ಕೂಲ್ ಮೇಷ್ಟ್ರು:
ಕಂಬಳಿ ಒಳ್ಳೇ ಉಪಾಯ. ಇಂಥ ಕಡೆ ಘರ್ಷಣೆ ತಾಗುವ ಜಾಗದ ಅಳತೆಯನ್ನು ಹೆಚ್ಚುಕಡಿಮೆ ಅವಲಂಬಿಸುವುದಿಲ್ಲ. ಒತ್ತುವ ಭಾರ ಎಷ್ಟು, ಯಾವುದರ ಮೇಲೆ ಯಾವುದು ಉಜ್ಜುತ್ತದೆ, ಅಷ್ಟೇ ಲೆಕ್ಕ. ಫ್ರಾನ್ಸಿನ ವಿಜ್ಞಾನಿ ಅಮೊಂಟನ್ಸ್ 1699ರಲ್ಲೇ ಇದನ್ನು ಹೇಳಿದ್ದಾನೆ.

ಸೋಪಿನ ನೀರು ಮಾತ್ರ ಬೇಡವೇ ಬೇಡ. ನೀವು ತಳ್ಳಿದಷ್ಟೇ ಬಲದಿಂದ ಬೀರು ನಿಮ್ಮನ್ನು ಹಿಂದಕ್ಕೆ ತಳ್ಳುತ್ತದೆ. ನಿಮ್ಮ ಪಾದಕ್ಕೆ ನೆಲದ ಹಿಡಿತ ಬೇಕು. ಸಾಕ್ಸ್ ತೆಗೆದು, ರಬ್ಬರ್ ಅಡಿಯ ಶೂ ಹಾಕಿಕೊಳ್ಳಿ.

ಬಾಡಿಗೆಮನೆ:
ಪಕ್ಕದಿಂದಲೇ ತಳ್ಳುತ್ತೇವೆ ಸರ್. ಹೊಸಿಲು ದಾಟಿಸುವುದು ಹೇಗೆ?

ಹೈಸ್ಕೂಲ್ ಮೇಷ್ಟ್ರು:
ಅಲ್ಲಿ ತಳ್ಳಲೇಬೇಡಿ. ಕಾಲು ಹೊಸಿಲಿಗೆ ತಡೆದರೆ ಮೇಲಿನ ಲೆಕ್ಕ ನಡೆಯುವುದಿಲ್ಲ, ಬೀರು ಮಗುಚಿಬಿಡುತ್ತದೆ. ನಾಲ್ಕು ಜನ ಸೇರಿ ಎತ್ತಿಯೇ ದಾಟಿಸಿ. ಅಕ್ಕಪಕ್ಕದವರನ್ನು ಇವತ್ತೇ ಕೇಳಿಟ್ಟುಕೊಳ್ಳಿ.