ಲ್ಯಾಪ್‌ಟಾಪ್ ಮುಂದೆ ಲೆನ್ಸ್ ಹಾಳೆ ಇಟ್ಟರೆ ಅಪ್ಪನಿಗೆ ಹಾಕಿ ಬಾಲ್ ಕಾಣುತ್ತಾ?

ಮಾದಾಪುರದ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮದು ಮಾದಾಪುರದ ಹತ್ತಿರ, ತೋಟದ ಒಳಗಿನ ಮನೆ. ಸಿಡಿಲಿಗೆ ಟಿವಿ ಸುಟ್ಟುಹೋದ ಮೇಲೆ ಅಪ್ಪ ನೋಡುವುದೆಲ್ಲ ನನ್ನ 15.6 ಇಂಚಿನ ಲ್ಯಾಪ್‌ಟಾಪ್‌ನಲ್ಲೇ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತೋ ಗೊತ್ತಿಲ್ಲ, ಇದಾದರೆ ಬ್ಯಾಟರಿಯಲ್ಲಿ ಓಡುತ್ತೆ.

ಅಪ್ಪನಿಗೆ 76 ವರ್ಷ. ಪೊರೆ ಆಪರೇಷನ್ ಆಗಿದೆ, ಪೇಪರ್ ಓದುತ್ತಾರೆ. ಕಷ್ಟ ಇರುವುದು ಹಾಕಿಯಲ್ಲಿ. 1997ರಲ್ಲಿ ಕೊಡಗಿನ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಶುರುವಾದಾಗಿನಿಂದ ಅವರಿಗೆ ಅದರ ಹುಚ್ಚು. ಈಗ ಮಂಡಿನೋವು, ಮೈದಾನಕ್ಕೆ ಹೋಗಲಾಗುವುದಿಲ್ಲ. ಯೂಟ್ಯೂಬ್‌ನಲ್ಲಿ ನೋಡುತ್ತಾ "ಬಾಲ್ ಎಲ್ಲಿ ಮಗಾ?" ಅಂತ ಕೇಳುತ್ತಾರೆ. ನಾನು ಬೆರಳಿಟ್ಟು ತೋರಿಸುವಷ್ಟರಲ್ಲಿ ಅದು ಆ ಕಡೆ ಗೋಲ್ ಹತ್ತಿರ ಇರುತ್ತೆ. ನೋಡಿ ಸಂಕಟ ಆಗುತ್ತೆ.

ಪರದೆ ಮುಂದೆ ನಿಲ್ಲಿಸುವ ತೆಳ್ಳಗಿನ ಪ್ಲಾಸ್ಟಿಕ್ ಭೂತಗನ್ನಡಿ ಆನ್‌ಲೈನ್‌ನಲ್ಲಿ ಸಿಗುತ್ತಿದೆ. ಎ4 ಅಳತೆಯದು ಕಡಿಮೆ ಬೆಲೆಗೇ ಇದೆ. ಯಾರಾದರೂ ಬಳಸಿದ್ದೀರಾ? ಎಷ್ಟು ದೂರ ಇಡಬೇಕು? ಕಣ್ಣಿಗೆ ತೊಂದರೆ ಇಲ್ವಾ?

ಗೋಣಿಕೊಪ್ಪ ಮೇಷ್ಟ್ರು

ನೋಡಮ್ಮ, ಅದು ಫ್ರೆನೆಲ್ ಲೆನ್ಸ್. ದಪ್ಪ ಗಾಜಿನ ಬದಲು ತೆಳು ಹಾಳೆಯ ಮೇಲೆ ಸುತ್ತು ಸುತ್ತಾಗಿ ಗೀರು ಹಾಕಿರುತ್ತಾರೆ. ಫ್ರಾನ್ಸಿನ ಫ್ರೆನೆಲ್ ಇದನ್ನು ದೀಪಸ್ತಂಭಕ್ಕೆಂದು ಮಾಡಿದ್ದು, 1823ರಲ್ಲಿ ಕೊರ್ದುವಾನ್ ದೀಪಸ್ತಂಭದಲ್ಲಿ ಮೊದಲು ಉರಿಯಿತು. ನಾನು ವಿಜ್ಞಾನ ಕಲಿಸುತ್ತಿದ್ದ ಶಾಲೆಯಲ್ಲಿ ಹಳೇ ಓವರ್‌ಹೆಡ್ ಪ್ರೊಜೆಕ್ಟರ್ ಗುಜರಿಗೆ ಹೋಗುವಾಗ ಅದರ ಲೆನ್ಸ್ ಕೇಳಿ ಇಟ್ಟುಕೊಂಡೆ. ಈಗಲೂ ಮನೆಯಲ್ಲಿದೆ. ಟಿವಿಗೆ ಲೆನ್ಸ್ ಇಡುವುದೂ ಹೊಸದಲ್ಲ. ಸೋವಿಯತ್ ದೇಶದ ಕೆವಿಎನ್-49 ಟಿವಿಯ ಪರದೆ ತೀರಾ ಚಿಕ್ಕದು, ಅದರ ಮುಂದೆ ನೀರೋ ಗ್ಲಿಸರಿನ್ನೋ ತುಂಬಿದ ಲೆನ್ಸ್ ನಿಲ್ಲಿಸುತ್ತಿದ್ದರು.

ಕೊಳ್ಳುವ ಮೊದಲು ಅದರ ಸಂಗಮ ದೂರ ಕೇಳು. ಕೈಗೆ ಸಿಕ್ಕಿದ್ದರೆ ನೀನೇ ಅಳೆಯಬಹುದು. ಕಿಟಕಿಗೆ ಎದುರಾಗಿ ಹಿಡಿದು, ಹಿಂದೆ ಒಂದು ಬಿಳಿ ಹಾಳೆ ಹಿಂದೆ ಮುಂದೆ ಆಡಿಸು. ಆಚೆ ಬೆಟ್ಟ ತಲೆಕೆಳಗಾಗಿ ಸ್ಪಷ್ಟವಾಗಿ ಬೀಳುವ ಜಾಗ ಸಿಗುತ್ತೆ. ಲೆನ್ಸಿನಿಂದ ಅಲ್ಲಿಗೆ ಇರುವುದೇ ಸಂಗಮ ದೂರ. ಪರದೆ ಲೆನ್ಸಿನಿಂದ ಆ ದೂರದೊಳಗೇ ಇರಬೇಕು. ಸಂಗಮ ದೂರ 60 ಸೆಂ.ಮೀ. ಇದ್ದು ಪರದೆ 20 ಸೆಂ.ಮೀ. ಹಿಂದಿದ್ದರೆ ಚಿತ್ರ ಒಂದೂವರೆ ಪಟ್ಟು. 30ಕ್ಕೆ ಸರಿಸಿದರೆ ಎರಡು ಪಟ್ಟು.

ಆದರೆ ಲೆನ್ಸ್ ಒಂದು ಕಿಟಕಿ ಇದ್ದಂತೆ. ಅದರ ಚೌಕಟ್ಟಿನಷ್ಟೇ ಕಾಣುವುದು. ನಿನ್ನ ಲ್ಯಾಪ್‌ಟಾಪ್ ಪರದೆ ಸುಮಾರು 34 ಸೆಂ.ಮೀ. ಅಗಲ. ಅಪ್ಪ ಒಂದು ಮೀಟರ್ ದೂರ ಕೂತು ಒಂದೂವರೆ ಪಟ್ಟು ಪೂರ್ತಿ ನೋಡಬೇಕಾದರೆ ಲೆನ್ಸೇ 40 ಸೆಂ.ಮೀ. ಅಗಲ ಬೇಕು. ಎ4 ಹಾಳೆ 30 ಕೂಡ ಇಲ್ಲ. ಮೈದಾನದ ನಡುಭಾಗ ಕಾಣುತ್ತೆ, ಎರಡು ಗೋಲೂ ಕಾಣಲ್ಲ! ಸರಿಯಾಗಿ ಕಾಣುವುದು ನೇರ ಎದುರಿಗೆ ಕೂತ ಒಬ್ಬರಿಗೆ ಮಾತ್ರ. ಅಂಚಿನಲ್ಲಿ ಬಣ್ಣದ ಎಳೆ ಬರುತ್ತೆ. ಅಪ್ಪನ ಕಣ್ಣಿಗೆ ಹಾನಿ ಏನೂ ಇಲ್ಲ, ಜಾಸ್ತಿ ಹೊತ್ತು ನೋಡಿದರೆ ಆಯಾಸ ಆಗಬಹುದು.

ಒಂದು ಮಾತು ಮರೀಬೇಡ. ಬಿಸಿಲು ಬೀಳುವ ಕಿಟಕಿ ಹತ್ತಿರ ಇದನ್ನು ಬಿಡಲೇಬೇಡ. ಬಿಸಿಲನ್ನು ಒಂದೇ ಕಡೆ ಕೂಡಿಸಿ ಬಟ್ಟೆ, ಕಾಗದ ಸುಡುತ್ತೆ. ಬಳಸದಾಗ ದಪ್ಪ ಬಟ್ಟೆ ಮುಚ್ಚಿಡು. ಅಕ್ರಿಲಿಕ್‌ದಾದರೆ ಸ್ಪಿರಿಟ್ ಹಾಕಿ ಒರೆಸಬೇಡ, ಬಿರುಕು ಬಿಡುತ್ತೆ. ಸೋಪು ನೀರು, ಮೆತ್ತಗಿನ ಬಟ್ಟೆ ಸಾಕು.

ಕುಶಾಲನಗರ ಕಂಪ್ಯೂಟರ್

ಮೇಷ್ಟ್ರು ಹೇಳಿದ್ದು ಸರಿ. ಅಕ್ಕ, ಇನ್ನೊಂದು ವಿಷಯ. ಪರದೆಯ ಚಿತ್ರ ಸಣ್ಣ ಚುಕ್ಕಿಗಳಿಂದ ಆಗಿರುತ್ತೆ. ಲೆನ್ಸ್ ಆ ಚುಕ್ಕಿಗಳನ್ನು ದೊಡ್ಡದು ಮಾಡುತ್ತೆ, ಹೊಸ ಚುಕ್ಕಿ ತರಲ್ಲ. ನೆಟ್ ನಿಧಾನ ಆಗಿ ಯೂಟ್ಯೂಬ್ ಚಿತ್ರದ ಕ್ವಾಲಿಟಿ 360ಕ್ಕೆ ಇಳಿದಿದ್ದರೆ ಬಾಲ್ ಆ ಚಿತ್ರದಲ್ಲೇ ಇರಲ್ಲ, ಲೆನ್ಸ್ ಎಲ್ಲಿಂದ ತೋರಿಸುತ್ತೆ? ಮೊದಲು ಗೇರ್ ಗುರುತು ಒತ್ತಿ 720 ಇಲ್ಲವೇ 1080 ಮಾಡಿ ನೋಡಿ. ಲೈವ್ ತಡೆತಡೆದು ಬಂದರೆ, ಮ್ಯಾಚ್ ಮುಗಿದ ಮೇಲೆ ಅದೇ ವಿಡಿಯೋ ಹಾಕಿಕೊಡಿ.

ನನ್ನ ಕೇಳಿದರೆ 24 ಇಂಚಿನ ಹಳೇ ಮಾನಿಟರ್ ತಗೊಳ್ಳಿ. ಅಗಲ 53 ಸೆಂ.ಮೀ., ಅಂದರೆ ನಿಮ್ಮ ಪರದೆಯ ಒಂದೂವರೆ ಪಟ್ಟೇ ಆಯ್ತು. ಮಂಚದ ಮೇಲೆ ಕೂತವರಿಗೂ ಬಾಗಿಲಲ್ಲಿ ನಿಂತವರಿಗೂ ಕಾಣುತ್ತೆ. ಲ್ಯಾಪ್‌ಟಾಪ್‌ನಿಂದ ಅದಕ್ಕೆ ಎಚ್‌ಡಿಎಂಐ ವೈರ್ ಸಿಕ್ಕಿಸಿದರೆ ಮುಗೀತು. ಮೊಬೈಲ್‌ಗಾದರೆ ಲೆನ್ಸ್ ಒಳ್ಳೇದು, ಪರದೆ ಚಿಕ್ಕದಲ್ವಾ, ಎ4 ಹಾಳೆಯೊಳಗೆ ಪೂರ್ತಿ ಹಿಡಿಸುತ್ತೆ.

ಮಾದಾಪುರದ ಮಗಳು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಒಬ್ಬರಿಗೇ ಕಾಣುತ್ತೆ ಅಂದಿದ್ದು ಒಳ್ಳೇದಾಯ್ತು. ಫೈನಲ್ ದಿನ ದೊಡ್ಡಪ್ಪನೂ ಬಂದು ಅಪ್ಪನ ಪಕ್ಕ ಕೂರುತ್ತಾರೆ. ಆದರೆ ಮಾನಿಟರ್ ಕರೆಂಟ್ ಇಲ್ಲದಾಗ? ಮನೆಯಲ್ಲಿ ಲೈಟಿಗೆಂದು ಇನ್ವರ್ಟರ್ ಇದೆ.

ಕುಶಾಲನಗರ ಕಂಪ್ಯೂಟರ್

ಧಾರಾಳವಾಗಿ ಓಡುತ್ತೆ. 24 ಇಂಚಿನ ಎಲ್‌ಇಡಿ ಮಾನಿಟರ್ ಸಾಮಾನ್ಯವಾಗಿ 20ರಿಂದ 30 ವ್ಯಾಟ್, ಫ್ಯಾನಿಗಿಂತ ಕಮ್ಮಿ. ವೈಫೈ ಪೆಟ್ಟಿಗೆಯನ್ನೂ ಅದೇ ಇನ್ವರ್ಟರ್ ಲೈನಿಗೆ ಹಾಕಿ. ಗುಡುಗು ಶುರುವಾಗುವ ಮೊದಲೇ ಮಾತ್ರ ಎಲ್ಲ ಪ್ಲಗ್ ಕಿತ್ತಿಡಿ ಅಕ್ಕ, ಹಳೇ ಮಾನಿಟರ್‌ನಲ್ಲಿ ಎಚ್‌ಡಿಎಂಐ ತೂತು ಇದೆಯಾ ಅಂತ ನೋಡಿ ತಗೊಳ್ಳಿ.